ಲಕ್ಷದ ಮೇಲೊಂದು ಬತ್ತಿ

ನೂರಾ ಒಂದನ್ನು ಯಾರಿಗೂ ಸಮನಾಗಿ ಹಂಚಲು ಬರುವುದಿಲ್ಲ. ಸಾವಿರದ ಒಂದು ಹಾಗಲ್ಲ, ಅದು ಏಳು ಜನಕ್ಕೂ ಆಗುತ್ತದೆ, ಹನ್ನೊಂದು ಜನಕ್ಕೂ, ಹದಿಮೂರು ಜನಕ್ಕೂ. ಹತ್ತು ಸಾವಿರದ ಒಂದಕ್ಕೆ ಬಿಗುಮಾನ ಜಾಸ್ತಿ, ಎಪ್ಪತ್ಮೂರು ಜನ ಬಂದು ಕೂರುವ ತನಕ ಬಗ್ಗುವುದೇ ಇಲ್ಲ. ಲಕ್ಷದ ಒಂದಕ್ಕೆ ಮತ್ತೆ ಹನ್ನೊಂದು ಜನ ಸಾಕು. ನರಸಿಂಹರಾಜಪುರದ ಹೈಸ್ಕೂಲಿನಲ್ಲಿ ನಾನು ಇದನ್ನು ಪ್ರತಿ ವರ್ಷ ಒಂಬತ್ತನೇ ತರಗತಿಗೆ ಖುಷಿಯಿಂದ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ, ಆದರೆ ಲಕ್ಷದ ಒಂದರ ಹತ್ತಿರ ಬಂದಾಗ ಆ ಖುಷಿ ಇರುವುದಿಲ್ಲ. ಮಕ್ಕಳಿಗೆ ಅದು ಗೊತ್ತಾಗದಿರಲಿ ಎಂದು ಬೋರ್ಡಿನ ಕಡೆ ತಿರುಗಿಕೊಳ್ಳುತ್ತೇನೆ.

ನಾನು ಕೊಪ್ಪಕ್ಕೆ ಸೊಸೆಯಾಗಿ ಬಂದ ಎರಡನೇ ವರ್ಷ ಅತ್ತೆಗೆ ದೊಡ್ಡ ಆಪರೇಷನ್ ಆಯಿತು. ಘಟ್ಟದ ಕೆಳಗಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಅತ್ತೆಯ ಅಕ್ಕ ಬೇಗಾರಿನಲ್ಲಿದ್ದವರು, ಸುದ್ದಿ ತಿಳಿದ ಕೂಡಲೇ ಎರಡು ಸೀರೆ ಚೀಲಕ್ಕೆ ತುಂಬಿಕೊಂಡು ನೇರ ಆಸ್ಪತ್ರೆಗೇ ಬಂದುಬಿಟ್ಟರು. ಅವರನ್ನು ನಾನು ದೊಡ್ಡತ್ತೆ ಎನ್ನುತ್ತಿದ್ದೆ. ಮದುವೆಯಾಗಿರಲಿಲ್ಲ. ತಾಯಿಯಿಲ್ಲದ ತಂಗಿಯನ್ನು ಸಾಕುವುದರಲ್ಲಿ ವಯಸ್ಸು ಕಳೆದಿದ್ದರು. ಅತ್ತೆಯನ್ನು ಒಳಗೆ ತಳ್ಳಿಕೊಂಡು ಹೋದ ಮೇಲೆ ಆ ಬಾಗಿಲಿನ ಹೊರಗೆ ನೆಲದ ಮೇಲೆ ಕೂತು, ತಂಗಿ ಉಳಿದು ಬಂದರೆ ಲಕ್ಷ ಬತ್ತಿ ಸುಡಿಸುತ್ತೇನೆ ಎಂದು ಹರಕೆ ಹೊತ್ತರು. ಅಂದರೆ ಅರಳೆಯಿಂದ ಲಕ್ಷ ಬತ್ತಿ ಹೊಸೆಯಬೇಕು, ತುಪ್ಪದಲ್ಲಿ ನೆನೆಸಬೇಕು, ಕಾರ್ತಿಕದಲ್ಲಿ ದೇವರ ಮುಂದೆ ಒಟ್ಟಿಗೆ ಉರಿಸಬೇಕು.

ಅತ್ತೆ ಉಳಿದರು. ದೊಡ್ಡತ್ತೆ ಅಡುಗೆಮನೆ ನೋಡಿಕೊಳ್ಳಲೆಂದು ನಮ್ಮಲ್ಲಿಗೆ ಬಂದವರು ಮತ್ತೆ ಬೇಗಾರಿಗೆ ಹೋಗಲೇ ಇಲ್ಲ. ಅಷ್ಟರಲ್ಲೇ ಅವರ ಕೈ ನಡುಗಲು ಶುರುವಾಗಿತ್ತು. ಲೋಟ ಕೊಡುವಾಗ ಎಡಗೈಯಿಂದ ಬಲಗೈ ಹಿಡಿದುಕೊಳ್ಳುತ್ತಿದ್ದರು, ಸುಮ್ಮನೆ ಕೂತಾಗ ಸೆರಗಿನೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದರು. ಮನೆಯಲ್ಲಿ ಎಲ್ಲರೂ ನೋಡಿದ್ದೆವು, ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ.

2002ರ ಮಳೆಗಾಲ ಮುಗಿಯುವ ಹೊತ್ತಿಗೆ ಹರಕೆಯ ಮಾತು ಎದ್ದಿತು. ಅತ್ತೆಯದೊಂದು ಭಜನೆಯ ಗುಂಪಿತ್ತು. ಅಕ್ಕಪಕ್ಕದ ಬೀದಿಯ ಹೆಂಗಸರು, ವಾರಕ್ಕೊಮ್ಮೆ ನಮ್ಮ ನಡುಮನೆಯಲ್ಲಿ ಸೇರುತ್ತಿದ್ದರು. ಅವರೆಲ್ಲ ಉಮೇದಿನಿಂದ ನಾವೂ ಹೊಸೆಯುತ್ತೇವೆ ಎಂದರು. ಒಬ್ಬರೇ ಆದರೆ ವರ್ಷಾನುಗಟ್ಟಲೆ ಬೇಕಾಗುವ ಕೆಲಸ ಅದು. ಹಾಗಾಗಿ ದೊಡ್ಡತ್ತೆಯ ಹರಕೆ ನೋಡನೋಡುತ್ತಿದ್ದಂತೆ ಗುಂಪಿನ ಹರಕೆಯಾಯಿತು. ಎಣಿಸಿದರೆ ನನ್ನನ್ನೂ ದೊಡ್ಡತ್ತೆಯನ್ನೂ ಸೇರಿಸಿ ಹನ್ನೆರಡು ಜನ.

ನಮ್ಮ ಕಡೆ ದೇವರ ಲೆಕ್ಕವನ್ನು ಸೊನ್ನೆಗೆ ನಿಲ್ಲಿಸುವುದಿಲ್ಲ, ಮೇಲೊಂದು ಇರಬೇಕು. ಹಾಗಾಗಿ ಲಕ್ಷವಲ್ಲ, 1,00,001. ಅದನ್ನು ಹನ್ನೆರಡು ಪಾಲು ಮಾಡುವುದರಲ್ಲಿ ಹೆಂಗಸರು ಸುಸ್ತಾಗಿದ್ದರು. ತಲೆಗೆ ಎಂಟು ಸಾವಿರದ ಮುನ್ನೂರ ಮೂವತ್ಮೂರು ಎಂದರೆ ಐದು ಉಳಿಯುತ್ತದೆ. ಆ ಐದು ಯಾರಿಗೆ? ಒಬ್ಬರು ನನಗಿರಲಿ ಎಂದರೆ ಇನ್ನೊಬ್ಬರು ನನಗೇಕಿಲ್ಲ ಎನ್ನುತ್ತಾರೆ. ಪುಣ್ಯದ ವಿಷಯದಲ್ಲಿ ನಮ್ಮವರು ಒಂದು ಬತ್ತಿಯನ್ನೂ ಬಿಟ್ಟುಕೊಡುವುದಿಲ್ಲ. ನಾನು ಸಂಜೆಯ ಬಸ್ಸಿನಲ್ಲಿ ಬಂದು ಚೀಲ ಇಳಿಸುವ ಮೊದಲೇ ಪಂಚಾಯಿತಿ ನನ್ನ ಮುಂದೆ ಬಂತು.

ನನಗೆ ಬತ್ತಿ ಹೊಸೆಯಲು ಬರುತ್ತಿರಲಿಲ್ಲ. ಬೆರಳಿಗೆ ವಿಭೂತಿ ಹಚ್ಚಿಕೊಂಡು ಎಷ್ಟು ಹೊಸೆದರೂ ನನ್ನ ಬತ್ತಿ ಬಿಚ್ಚಿಕೊಂಡು ಮಲಗಿಬಿಡುತ್ತಿತ್ತು, ಗುಂಪಿನಲ್ಲಿ ಅದೊಂದು ಖಾಯಂ ತಮಾಷೆ. ಕೆಲಸಕ್ಕೆ ಹೋಗುವ ಸೊಸೆ, ಕೈ ನಿಲ್ಲುವುದಿಲ್ಲ ಎನ್ನುತ್ತಿದ್ದರು. ಅಂಥವಳಿಗೆ ತನ್ನ ಬಂಡವಾಳ ತೋರಿಸುವ ಅವಕಾಶ ಸಿಕ್ಕಿತ್ತು. ಮಗ್ಗಿ ಬರೆಯುವ ಸ್ಲೇಟು ಕೇಳಿ ತರಿಸಿ, ಅದರ ಮೇಲೆ 1,00,001 ಎಂದು ದೊಡ್ಡದಾಗಿ ಬರೆದೆ. ಎರಡು ತುದಿಯಲ್ಲಿ ಒಂದೊಂದು, ನಡುವೆ ನಾಲ್ಕು ಸೊನ್ನೆ. ಹಿಂದಿನಿಂದ ಓದಿದರೂ ಅದೇ. ಅಂಕೆಗಳನ್ನು ಒಂದು ಬಿಟ್ಟು ಒಂದು ಕೂಡಿಸಿ, ಎರಡು ಮೊತ್ತಗಳನ್ನೂ ಕಳೆದರೆ ಸೊನ್ನೆ ಬರುತ್ತದೆ, ಬಂದರೆ ಹನ್ನೊಂದು ಅದನ್ನು ಭಾಗಿಸಿಯೇ ಭಾಗಿಸುತ್ತದೆ ಎಂದು ತೋರಿಸಿದೆ. ಹನ್ನೊಂದು ಜನ ಆದರೆ ತಲೆಗೆ ಸರಿಯಾಗಿ 9,091, ಒಂದು ಎಳೆಯೂ ಆಚೆ ಈಚೆ ಇಲ್ಲ. ಮೇಲಿನ ಆ ಒಂದು ಕೂಡ ಯಾರದೂ ಆಗದೆ ಎಲ್ಲರ ಪಾಲಿನಲ್ಲಿ ಕರಗಿಹೋಗುತ್ತದೆ.

ಹೆಂಗಸರು ಬೆರಗಾದರು. ಒಬ್ಬರಂತೂ ಸ್ಲೇಟಿಗೇ ಕೈ ಮುಗಿದರು. ನಾನು ಉಬ್ಬಿಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ನಾವು ಹನ್ನೆರಡು ಜನ ಇದ್ದೇವಲ್ಲ ಎಂದು ಯಾರೋ ನೆನಪಿಸಿದಾಗಲೇ ಮಾತು ನಿಂತಿದ್ದು.

ದೊಡ್ಡತ್ತೆ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟಗಳ ತಟ್ಟೆ ಕೆಳಗಿಟ್ಟು ನಿಂತಿದ್ದರು. "ನಾನು ಬಿಡ್ತೇನೆ. ಲೆಕ್ಕ ಅಷ್ಟು ಚೆಂದ ಕೂತದೆ, ಯಾಕೆ ಕೆಡ್ಸದು" ಎಂದರು.

ನಮ್ಮ ಊರಿನ ರೀತಿ ತಿಳಿಯದವರಿಗೆ ಇಲ್ಲೊಂದು ಮಾತು ಹೇಳಬೇಕು. ನಮ್ಮಲ್ಲಿ ಮೊದಲ ಸಲಕ್ಕೆ ಯಾರೂ ಹೂಂ ಅನ್ನುವುದಿಲ್ಲ. ಊಟಕ್ಕೆ ಏಳಿ ಎಂದರೆ ಹಸಿವಿಲ್ಲ ಎನ್ನಬೇಕು, ಕರೆದವರು ಕೈ ಹಿಡಿದು ಎಳೆಯಬೇಕು. ಬೇಡ ಎನ್ನುವುದು ಉಪಚಾರ, ಒತ್ತಾಯ ಮಾಡುವುದು ಮರ್ಯಾದೆ. ದೊಡ್ಡತ್ತೆ ನಾನು ಬಿಡ್ತೇನೆ ಎಂದದ್ದು ಆ ಲೆಕ್ಕದಲ್ಲೇ. ಛೇ ಛೇ, ನೀವಿಲ್ಲದೆ ಉಂಟೇ, ಹರಕೆಯೇ ನಿಮ್ಮದು ಎಂದು ಹತ್ತು ಬಾಯಿ ಒಟ್ಟಿಗೆ ಏಳಬೇಕಿತ್ತು. ಒಂದೂ ಏಳಲಿಲ್ಲ. ಎಲ್ಲರೂ ಮಡಿಲಲ್ಲಿದ್ದ ಅರಳೆ ನೋಡುತ್ತಿದ್ದರು. ದೊಡ್ಡತ್ತೆ ಒಂದು ಕ್ಷಣ ಕಾದರು, ಆಮೇಲೆ ಬಗ್ಗಿ ತಟ್ಟೆ ಎತ್ತಿಕೊಂಡು ಕಾಫಿ ಹಂಚಿದರು. ಲೋಟಗಳು ಒಂದಕ್ಕೊಂದು ತಗುಲಿ ಸದ್ದು ಮಾಡುತ್ತಿದ್ದವು.

ಬಿಡಬೇಕಾದವಳು ನಾನು. ಹೊಸೆಯಲು ಬಾರದವಳು, ಹರಕೆಗೆ ಸಂಬಂಧವಿಲ್ಲದವಳು, ಹೇಳುವ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹನ್ನೊಂದನ್ನು ಎಣಿಸುವಾಗ ನಾನು ನನ್ನಿಂದಲೇ ಶುರು ಮಾಡಿದ್ದೆ. ಸಂಖ್ಯೆಯನ್ನು ಹುಡುಕಿಕೊಟ್ಟವಳೇ ಹೊರಗೆ ನಿಲ್ಲುವುದು ಹೇಗೆ ಎನಿಸಿತ್ತು. ಆ ಅನಿಸಿಕೆಗೆ ಈಗ ನಾಚಿಕೆಪಡುತ್ತೇನೆ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಕೂತಿದ್ದಾಗ ಮನಸ್ಸು ತಾನಾಗಿ ಹನ್ನೆರಡರ ಹಿಂದೆ ಬಿತ್ತು. ತುದಿಯಲ್ಲಿ ಒಂದು ಇರುವ ಸಂಖ್ಯೆ ಬೆಸ, ಅದನ್ನು ಹನ್ನೆರಡು ಎಂದೂ ಭಾಗಿಸದು. ಸರಿ. ಆದರೆ ಒಂದೇ ಯಾಕೆ ಬೇಕು? ನೂರೆಂಟು ಇದೆ, ಸಾವಿರದೆಂಟು ಇದೆ. ಲಕ್ಷದ ಎಂಟು ಎಂದರೆ ಯಾವ ದೇವರು ಬೇಡ ಎಂದಾನು? ಲಕ್ಷದ ಎಂಟನ್ನು ಹನ್ನೆರಡರಿಂದ ಭಾಗಿಸಿದೆ. 8,334. ಶೇಷ ಸೊನ್ನೆ. ಬರೇ ಏಳು ಬತ್ತಿ ಹೆಚ್ಚು ಹೊಸೆದಿದ್ದರೆ ಹನ್ನೆರಡು ಜನವೂ ಕೂರಬಹುದಿತ್ತು. ನಾಲ್ಕನೇ ತರಗತಿಯ ಭಾಗಾಕಾರ ಅದು. ನಿನ್ನೆ ಸಂಜೆ ಅಷ್ಟು ಜನರ ಮುಂದೆ ಮೆರೆದವಳಿಗೆ ಅದು ಹೊಳೆದಿರಲಿಲ್ಲ, ಏಕೆಂದರೆ ನಾನು ಚೆಂದದ ಸಂಖ್ಯೆ ಹುಡುಕುತ್ತಿದ್ದೆ, ಜಾಗ ಹುಡುಕುತ್ತಿರಲಿಲ್ಲ.

ಸಂಜೆ ಬಂದು ಅತ್ತೆಗೆ ಹೇಳಿದೆ. ಲಕ್ಷದ ಎಂಟು ಮಾಡೋಣ, ಎಲ್ಲರಿಗೂ ಆಗುತ್ತದೆ ಎಂದೆ. ಅವರು ಹಿತ್ತಲ ಬಾಗಿಲು ಮುಂದೆ ಮಾಡಿ, ದನಿ ಇಳಿಸಿ ಹೇಳಿದರು: "ಅಕ್ಕನ ಕೈ ನೋಡಿದಿಯಲ್ಲ ನೀನು. ಅವಳ ಬತ್ತಿ ಕಂಡು ಆ ಹೆಂಗಸ್ರು ಆಡ್ಕೊಂಡ್ರೆ ನಂಗೆ ಸಹಿಸಕ್ಕಾಗದಿಲ್ಲ. ಹೇಳದು ಹೆಂಗೆ ಅಂತ ಎಲ್ಲರೂ ಒದ್ದಾಡ್ತಿದ್ವಿ. ನಿನ್ನ ಲೆಕ್ಕ ಹೇಳ್ತು. ಇನ್ನು ಅದನ್ನ ಕೆದಕಬೇಡ ಮಾರಾಯ್ತಿ." ದೀಪ ಹಚ್ಚುವುದು ಹೇಗೂ ಅಕ್ಕನೇ, ಬತ್ತಿ ಯಾರು ಹೊಸೆದರೇನು ಎಂದೂ ಸೇರಿಸಿದರು. ಅವರು ಅಕ್ಕನ ಮೇಲಿನ ಪ್ರೀತಿಯಿಂದಲೇ ಹೇಳುತ್ತಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಸಂಖ್ಯೆಯನ್ನು ಮೆಚ್ಚಿದ್ದು ಯಾಕೆ ಎಂದು ಮಾತ್ರ ಆವತ್ತು ಅರ್ಥವಾಯಿತು. ಹೆಂಗಸರಿಗೆ ಆಡಲಾಗದ ಮಾತನ್ನು ಅದು ಆಡಿಕೊಟ್ಟಿತ್ತು.

ಪಾಲಿನ ಅರಳೆ ಬಂತು. ಒಂದು ವಾರ ಹೊಸೆದೆ, ಹೊಸೆದದ್ದನ್ನೆಲ್ಲ ಬಿಚ್ಚಿ ಹಾಕಿದೆ. ನನ್ನ ಕೈಗೆ ಕೆಲಸ ಹತ್ತುತ್ತಿರಲಿಲ್ಲ, ಮನಸ್ಸಿಗಂತೂ ಹತ್ತುತ್ತಲೇ ಇರಲಿಲ್ಲ. ಒಂದು ಭಾನುವಾರ ಅತ್ತೆ ಪೇಟೆಗೆ ಹೋದಾಗ ಅರ್ಧ ಅರಳೆ ತೆಗೆದುಕೊಂಡು ದೊಡ್ಡತ್ತೆಯ ಕೋಣೆಗೆ ಹೋದೆ. ನನ್ನಿಂದ ಮುಗಿಯುವುದಿಲ್ಲ, ಅರ್ಧ ನೀವು ಮಾಡಿಕೊಡಬೇಕು ಎಂದೆ. ಅವರು ಬೇಡ ಎಂದರು. ನಾನು ಕೈ ಹಿಡಿದುಕೊಂಡು ಒತ್ತಾಯ ಮಾಡಿದೆ. ಎರಡನೇ ಸಲ ಬೇಡ ಎಂದರು, ಮೂರನೇ ಸಲ ಅರಳೆಯನ್ನು ಮಡಿಲಿಗೆ ಎಳೆದುಕೊಂಡರು. ಆಸ್ಪತ್ರೆಯ ಬಾಗಿಲಲ್ಲಿ ತಾವು ನಿಜವಾಗಿ ಹೇಳಿಕೊಂಡದ್ದೇನು ಎಂದು ಆಗಲೇ ನನಗೊಬ್ಬಳಿಗೆ ಹೇಳಿದ್ದು. ಲಕ್ಷ ಬತ್ತಿ ಸುಡಿಸುತ್ತೇನೆ ಎಂದಷ್ಟೇ ಅಲ್ಲ, ಅದರಲ್ಲಿ ನನ್ನ ಕೈಯಾರೆ ಹೊಸೆದದ್ದು ಇರುತ್ತದೆ ಎಂದಿದ್ದರಂತೆ. ತಂಗಿಗೆ ಇದು ತಿಳಿದರೆ ಹರಕೆ ತಪ್ಪಿತು ಎಂದು ಹೆದರಿಯಾಳು, ಹೇಳಬೇಡ ಎಂದರು.

ನನ್ನ 9,091ರಲ್ಲಿ ಅವರಿಗೆ ಎಷ್ಟು, ನನಗೆ ಎಷ್ಟು ಎಂಬ ಮಾತು ಬಂತು. ಸಮ ಪಾಲು ಆಗುವುದಿಲ್ಲ ಎಂದೆ. ಎರಡಕ್ಕೆ ಮಾತ್ರವಲ್ಲ, ಮೂರಕ್ಕೂ ಆಗದು, ಏಳಕ್ಕೂ ಆಗದು, ಅದೊಂದು ಅವಿಭಾಜ್ಯ ಸಂಖ್ಯೆ, ತೊಂಬತ್ತೈದರವರೆಗೆ ಒಂದೊಂದೇ ಅವಿಭಾಜ್ಯದಿಂದ ಭಾಗಿಸಿ ನೋಡಿದ್ದೇನೆ, ಯಾವುದಕ್ಕೂ ಬಗ್ಗಲಿಲ್ಲ ಎಂದು ವಿವರಿಸಿದೆ. ಅವರು ಗಮನವಿಟ್ಟು ಕೇಳಿದರು.

"ಎಷ್ಟು ಜನಕ್ಕೆ ಹಂಚಿದ್ರೂ ಏನಾದ್ರೂ ಉಳೀತದೆ ಅಂತಾಯ್ತು. ಉಳೀಲಿ ಬಿಡು ಕೂಸೆ. ಲಕ್ಷದ ಮೇಲೆ ಒಂದು ಅಂತ ಮಾಡದು ಎಂತಕ್ಕೆ ಗೊತ್ತುಂಟ? ಎಣಿಸ್ತಾ ಎಲ್ಲೋ ತಪ್ಪಿರ್ತದೆ, ಆ ತಪ್ಪಿಗೆ ಅಂತ ಒಂದು. ನೀನು ಅದನ್ನೂ ಹಂಚಿಬಿಟ್ಟಿದ್ದೆ."

ಕೊನೆಗೆ ಅವರಿಗೆ 4,545 ಎಂದಾಯಿತು. ಹೆಚ್ಚಿನ ಒಂದು ನಿನ್ನ ಪಾಲಿಗಿರಲಿ ಎಂದು ನಕ್ಕರು. ದಿನಾ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು ಹೊಸೆಯುತ್ತಿದ್ದರು. ನಾನು ರಜೆಯ ದಿನ ಜೊತೆಗೆ ಕೂತು ಅವರಿಂದಲೇ ಕಲಿತೆ. ಬೆರಳು ಹೇಗೆ ಜಾರಬೇಕು, ಎಲ್ಲಿ ಬಿಗಿ ಹಿಡಿಯಬೇಕು ಎಂಬುದೆಲ್ಲ ಅವರಿಗೆ ತಿಳಿದಿತ್ತು, ಕೈ ಮಾತ್ರ ಹೇಳಿದ್ದು ಕೇಳುತ್ತಿರಲಿಲ್ಲ. ಅವರ ಬತ್ತಿಗಳು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಬಂದವು, ನಡುವೆ ಸೊಟ್ಟಗಾದವು. ನನ್ನವು ತೆಳ್ಳಗೆ ನೆಟ್ಟಗೆ ಬರತೊಡಗಿದವು. ನೂರು ನೂರರ ಕಟ್ಟು ಕಟ್ಟಿ ಎರಡನ್ನೂ ಒಂದೇ ಡಬ್ಬಕ್ಕೆ ತುಂಬಿದೆವು.

ಕಾರ್ತಿಕಕ್ಕೆ ಹದಿನೈದು ದಿನ ಇರುವಾಗ ಎಲ್ಲರ ಪಾಲು ನಡುಮನೆಗೆ ಬಂತು. ಹೆಂಗಸರು ಕಟ್ಟುಗಳನ್ನು ಬಿಡಿಸಿ ನೋಡಿದರು. ನನ್ನ ಡಬ್ಬ ತೆರೆದಾಗ ನಗೆ ಎದ್ದಿತು. ಎದುರುಮನೆಯಾಕೆ, ಗುಂಪಿಗೆಲ್ಲ ಹಿರಿಯರು, ದಪ್ಪ ಸೊಟ್ಟ ಬತ್ತಿಗಳನ್ನೆಲ್ಲ ಒಂದು ಕಡೆ, ನೆಟ್ಟಗಿನವನ್ನು ಒಂದು ಕಡೆ ಮಾಡಿದರು. "ಮೊದಮೊದ್ಲು ಮಾಡಿದ್ದು ಇವು, ಕೈ ಪಳಗಿದ ಮೇಲೆ ಇವು" ಎಂದು ಎಲ್ಲರಿಗೂ ತೋರಿಸಿದರು. ಎಷ್ಟು ಬೇಗ ಕಲಿತಳು ನೋಡಿ ಎಂದು ನನ್ನನ್ನು ಹೊಗಳಿದರು. ಆ ಹಳೆಯವು ದೇವರ ಮುಂದೆ ಬೇಡ, ನಾವು ಹತ್ತು ಜನ ಹಂಚಿಕೊಂಡು ಒಂದು ವಾರದಲ್ಲಿ ಬೇರೆ ಮಾಡಿಬಿಡುತ್ತೇವೆ, ಇದಕ್ಕೆ ಬೇಜಾರು ಮಾಡಬೇಡ ಎಂದು ಬೆನ್ನು ತಟ್ಟಿದರು.

ದೊಡ್ಡತ್ತೆ ಒಳಗೆ ದೋಸೆ ಹೊಯ್ಯುತ್ತಿದ್ದರು. ಕಾವಲಿಯ ಸದ್ದು ಕೇಳುತ್ತಿತ್ತು, ನಮ್ಮ ಮಾತು ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಇವು ನನ್ನವಲ್ಲ, ದೊಡ್ಡತ್ತೆಯವು ಎನ್ನಬೇಕಿತ್ತು. ಎಂದರೆ ಅವರ ಕೈಯ ವಿಷಯವನ್ನು ಅಷ್ಟು ಜನರ ಮುಂದೆ, ಅವರಿಗೇ ಕೇಳುವಂತೆ ಆಡಿದಂತಾಗುತ್ತಿತ್ತು. ಇದು ನಾನು ನನಗೆ ಹೇಳಿಕೊಂಡ ಕಾರಣ. ಹೊಗಳಿಕೆ ಹಿತವಾಗಿತ್ತು ಎನ್ನುವುದು ಇನ್ನೊಂದು ಕಾರಣ. ಎರಡರಲ್ಲಿ ಯಾವುದು ದೊಡ್ಡದು ಎಂದು ಅಳೆಯಲು ನನಗೆ ಧೈರ್ಯವಾಗಿಲ್ಲ.

ಕಾರ್ತಿಕದಲ್ಲಿ ಎರಡು ಜೀಪು ಮಾಡಿಕೊಂಡು ಶೃಂಗೇರಿ ದಾರಿಯಲ್ಲಿ ಹೊಳೆಯ ಪಕ್ಕದ ಒಂದು ಸಣ್ಣ ಈಶ್ವರ ದೇವಸ್ಥಾನಕ್ಕೆ ಹೋದೆವು. ದೊಡ್ಡ ಕಂಚಿನ ಪಾತ್ರೆಯಲ್ಲಿ ತುಪ್ಪದಲ್ಲಿ ನೆನೆದ ಬತ್ತಿಗಳ ರಾಶಿ. ಎಲ್ಲವೂ ಒಂದೇ ಅಚ್ಚು. ದೊಡ್ಡತ್ತೆ ಮುಂದೆ ಬಂದು ಬೆಂಕಿ ಮುಟ್ಟಿಸಿದರು, ಅತ್ತೆ ಅವರ ಮೊಣಕೈ ಹಿಡಿದುಕೊಂಡಿದ್ದರು. ಜ್ವಾಲೆ ಎದ್ದ ಮೇಲೆ ದೊಡ್ಡತ್ತೆ ಹಿಂದೆ ಸರಿದು ನನ್ನ ಪಕ್ಕ ನಿಂತು, ಯಾರಿಗೂ ಕೇಳದ ಹಾಗೆ, "ಅಂತೂ ಕೈಯಾರೆ ಆಯ್ತು" ಎಂದರು. ನಾನು ಹೂಂ ಎಂದೆ. ಹೊಗೆಗೆ ಎಲ್ಲರ ಕಣ್ಣಲ್ಲೂ ನೀರಿತ್ತು, ನನ್ನದು ಎದ್ದು ಕಾಣಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ಆ ಬೇಡವಾದ ಬತ್ತಿಗಳನ್ನು ಎಸೆಯಲಿಲ್ಲ. ಅರಳೆ ಒಳ್ಳೆಯದು, ಮನೆಯ ದೀಪಕ್ಕಾಗುತ್ತದೆ ಎಂದು ಕರ್ಪೂರದ ತುಂಡು ಹಾಕಿ ಡಬ್ಬದಲ್ಲಿ ತುಂಬಿ ದೇವರ ಕೋಣೆಯಲ್ಲಿಟ್ಟರು. ಸಂಜೆಯ ದೀಪ ಹಚ್ಚುವ ಕೆಲಸ ದೊಡ್ಡತ್ತೆಯದು. ಮೊದಲ ಸಂಜೆ ಅವರು ಡಬ್ಬಕ್ಕೆ ಕೈ ಹಾಕಿದಾಗ ನಾನು ಬಾಗಿಲಲ್ಲಿದ್ದೆ. ಎರಡು ಬತ್ತಿ ತೆಗೆದರು. ಬೆಳಕಿಗೆ ಹಿಡಿದು ನೋಡಿದರು, ಬೆರಳಲ್ಲಿ ಹೊರಳಿಸಿದರು. ಆಮೇಲೆ ತಿರುಗಿ ನನ್ನನ್ನು ನೋಡಿದರು. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಅವರು ಎರಡನ್ನೂ ಜೋಡಿಸಿ ಎಣ್ಣೆಗೆ ಹಾಕಿ ದೀಪ ಹಚ್ಚಿದರು.

ಲೆಕ್ಕದ ತಲೆಗೆ ವಿಶ್ರಾಂತಿ ಇಲ್ಲ. ದಿನಕ್ಕೆ ಎರಡರಂತೆ 4,545 ಬತ್ತಿ ಆರು ವರ್ಷಕ್ಕೂ ಮಿಕ್ಕಿ ಬರುತ್ತದೆ ಎಂದು ಆ ವಾರವೇ ಭಾಗಿಸಿ ನೋಡಿದ್ದೆ. ಆರು ವರ್ಷ ಪ್ರತಿ ಸಂಜೆ ಆ ಸೊಟ್ಟ ಬತ್ತಿಗಳು ಉರಿದವು. ನನಗೆ ಮಗಳು ಹುಟ್ಟಿದಳು, ಮನೆಗೆ ಫೋನು ಬಂತು, ಅತ್ತೆ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರು, ದೊಡ್ಡತ್ತೆಯ ಕೈ ಲೋಟ ಹಿಡಿಯದಷ್ಟು ಕೆಟ್ಟಿತು. ದೀಪ ಮಾತ್ರ ಬೇರೆಯವರಿಗೆ ಬಿಡಲಿಲ್ಲ. ಎಷ್ಟೋ ಸಲ ಹೇಳಿಬಿಡಬೇಕೆಂದು ಹತ್ತಿರ ಹೋಗಿದ್ದೇನೆ. ಅವರು ಏನಾದರೊಂದು ಕೆಲಸ ಹೇಳಿ ಕಳಿಸಿಬಿಡುತ್ತಿದ್ದರು.

2009ರಲ್ಲಿ, ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ದೊಡ್ಡತ್ತೆ ನನ್ನನ್ನು ದೇವರ ಕೋಣೆಗೆ ಕರೆದರು. ಡಬ್ಬವನ್ನು ಬೋರಲು ಹಾಕಿ ತೋರಿಸಿದರು. ಒಂದೇ ಬತ್ತಿ ಬಿತ್ತು. ಬೆಸ ಸಂಖ್ಯೆ, ಉಳಿಯಲೇಬೇಕಿತ್ತು, ನನಗೆ ಆರು ವರ್ಷದಿಂದ ಗೊತ್ತಿತ್ತು.

"ಒಂಟಿ ಬತ್ತಿ ಹಚ್ಚಬಾರ್ದು. ಇದಕ್ಕೆ ಜೊತೆ ನೀನೊಂದು ಹೊಸೆ" ಎಂದು ಚೂರು ಅರಳೆ ಕೊಟ್ಟರು.

ಅಷ್ಟು ಹೊತ್ತಿಗೆ ನಾನು ಚೆನ್ನಾಗಿಯೇ ಹೊಸೆಯುತ್ತಿದ್ದೆ. ಆದರೆ ಆವತ್ತು ಬೆರಳು ನಿಲ್ಲಲಿಲ್ಲ. ಅರಳೆ ಒಂದು ಕಡೆ ಗಂಟಾಯಿತು, ಒಂದು ಕಡೆ ಬಿಚ್ಚಿಕೊಂಡಿತು. ಬಿಚ್ಚಿ ಮತ್ತೆ ಹೊಸೆಯಲು ಹೋದೆ, ಸಾಕು ಎಂದು ಕೈಯಿಂದ ತೆಗೆದುಕೊಂಡರು. ನನ್ನದನ್ನೂ ತಮ್ಮದನ್ನೂ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟುಕೊಂಡರು. ಅಂಗೈ ನಡುಗುತ್ತಿತ್ತು, ಎರಡೂ ಬತ್ತಿ ಹೊರಳಾಡಿ ಜಾಗ ಬದಲಿಸಿದವು.

"ಯಾವ್ದು ಯಾರದ್ದು ಅಂತ ಈಗ್ಲೂ ಗೊತ್ತಾಗದಿಲ್ಲ, ಅಲ್ದ?" ಎಂದರು.

ಅವರು ಎರಡನ್ನೂ ಒಟ್ಟಿಗೆ ಎಣ್ಣೆಯಲ್ಲಿಟ್ಟು, ಬೆಂಕಿಪೊಟ್ಟಣವನ್ನು ನನ್ನ ಕೈಗೆ ಕೊಟ್ಟರು.